ಟಿ.ವಿ. ಮೇಲೆ ಹಿಡಿದ ಎಳೆ

ಬೆಳಗಿನ ಎಂಟೂವರೆಯ ಹೊತ್ತಿಗೆ ಅಂದಾನಪ್ಪನಿಗೆ ಬಾಯಲ್ಲಿದ್ದ ಚಹಾ ಕಹಿಯಾಯಿತು. ಬಾಷಾಸಾಬನ ಚಹಾದಲ್ಲಿ ದೋಷವೇನೂ ಇರಲಿಲ್ಲ. ಶುಂಠಿ, ಸಕ್ಕರೆ ಎಲ್ಲ ಹದವಾಗಿಯೇ ಇದ್ದವು. ದೋಷವಿದ್ದದ್ದು ಅಂಗಡಿಯ ಗೋಡೆಗೆ ಬಡಿದ ಟಿ.ವಿ.ಯಲ್ಲಿ. ವಿಶ್ವಕಪ್ ಫುಟ್‌ಬಾಲ್ ಈ ಸಲ ಅಮೆರಿಕದ ಕಡೆ ನಡೆದಿದ್ದರಿಂದ ಅಲ್ಲಿಯ ಸಂಜೆಯ ಆಟ ಗಜೇಂದ್ರಗಡಕ್ಕೆ ಬೆಳಗಿನ ಆರೂವರೆಗೆ ಬರುತ್ತಿತ್ತು. ಮಗ್ಗಕ್ಕೆ ಕೂರುವ ಮುಂಚೆ ನೇಕಾರರು, ಅಂಗಡಿ ತೆಗೆಯುವ ಮುಂಚೆ ಪೇಟೆಯವರು, ಹೀಗೆ ಇಪ್ಪತ್ತೈದು ಮೂವತ್ತು ಮಂದಿ ಆ ಇಕ್ಕಟ್ಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುತ್ತಿದ್ದರು.

ದೇಶದ ಹೆಸರು ಹಿಡಿದು ಮಾತಾಡುವ ರೂಢಿ ಆ ಅಂಗಡಿಯಲ್ಲಿರಲಿಲ್ಲ. ನೇಕಾರರ ಬಾಯಲ್ಲಿ ಎಲ್ಲ ತಂಡಗಳೂ ಬಣ್ಣಗಳೇ. ಅವತ್ತು ಕುಂಕುಮ ಕೆಂಪಿನವರಿಗೂ ಗಿಳಿಹಸಿರಿನವರಿಗೂ ಆಟ ಬಿದ್ದಿತ್ತು. ಅಂದಾನಪ್ಪ ಕೆಂಪಿನವರ ಕಡೆ. ಯಾಕೆ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ, ಆ ಕೆಂಪು ಅವನ ಮಗ್ಗದ ಮೇಲಿದ್ದ ಸೀರೆಯ ಸೆರಗಿಗೆ ಹೊಂದುತ್ತಿತ್ತು ಅಷ್ಟೇ. ಆಟ ಮುಗಿಯಲು ಎರಡು ನಿಮಿಷ ಇರುವಾಗ ಕೆಂಪಿನವನೊಬ್ಬ ಗೋಲು ಹೊಡೆದ. ಅಂಗಡಿ ಎದ್ದು ನಿಂತಿತು. ಅಂದಾನಪ್ಪ ಐವತ್ತಾರರ ವಯಸ್ಸು ಮರೆತು ಬೆಂಚಿನ ಮೇಲೆ ಹತ್ತಿ ಕುಣಿದ. ಆಮೇಲೆ ರೆಫ್ರಿ ಕಿವಿಗೆ ಬೆರಳಿಟ್ಟ.

ಬೆರಳಿಟ್ಟವನು ನಾಲ್ಕು ನಿಮಿಷ ತೆಗೆಯಲಿಲ್ಲ. ಎಲ್ಲೋ ಒಳಗಿನ ಕೋಣೆಯಲ್ಲಿ ಕುಳಿತವರು ವಿಡಿಯೊವನ್ನು ಹಿಂದಕ್ಕೂ ಮುಂದಕ್ಕೂ ಎಳೆದು ನೋಡುತ್ತಿದ್ದರು. ಈ ಪದ್ಧತಿಗೆ ವಾರ್ ಎನ್ನುತ್ತಾರೆ. ಜೊತೆಯವನು ಚೆಂಡು ಒದ್ದ ಗಳಿಗೆಯಲ್ಲಿ ಗೋಲಿನ ಕಡೆ ಓಡುವವನು ಎದುರಾಳಿಯ ಕೊನೆಯ ಡಿಫೆಂಡರನನ್ನು ದಾಟಿ ನಿಂತಿರಬಾರದು. ನಿಂತಿದ್ದರೆ ಅದು ಆಫ್‌ಸೈಡ್, ಗೋಲು ರದ್ದು. ಟಿ.ವಿ. ಮೇಲೆ ಒಂದು ಗೆರೆ ಬಂತು. ಕೆಂಪಿನವನ ಹಿಮ್ಮಡಿ ಗೆರೆಯಿಂದ ನಾಲ್ಕು ಬೆರಳು ಮುಂದಿದೆ ಎಂದರು. ಗೋಲು ಹೋಯಿತು. ಬೆಂಚಿನ ಮೇಲಿದ್ದ ಅಂದಾನಪ್ಪನಿಗೆ ಇಳಿಯಲು ನಾಚಿಕೆಯಾಯಿತು.

"ಥೂ, ಇದೇನ ಆಟ," ಎಂದ ಅವನು, ಕೊನೆಗೂ ಇಳಿದು. "ಗೋಲ್ ಹೊಡದ ಮ್ಯಾಲೆ ನಗಬೇಕೋ ಬ್ಯಾಡೋ ಅಂತ ಯಾರದೋ ಅಪ್ಪಣಿ ಕಾಯಬೇಕಂದ್ರ ಅದು ಆಟ ಅಲ್ಲ, ಕಚೇರಿ."

"ಖರೇ ಹೇಳಿದ್ರಿ ಕಾಕಾ," ಎಂದ ಶರಣಬಸಪ್ಪ. ಗೊಬ್ಬರದ ಅಂಗಡಿಯವನು, ಗಜೇಂದ್ರಗಡ ಫುಟ್‌ಬಾಲ್ ತಂಡದ ಅಧ್ಯಕ್ಷ, ಊರಲ್ಲಿ ಎಲ್ಲಿ ನಾಲ್ಕು ಮಂದಿ ಸೇರಿದರೂ ಐದನೆಯವನು. "ಎಸಿ ಹಚ್ಕೊಂಡ ಕುಂತ ಮಂದಿ ಬಿಸಲಾಗ ಓಡಾವನ ಹಿಮ್ಮಡ ಅಳಿತಾರ. ಅವರ ಬಾಯಾಗ ಮಣ್ಣ ಹಾಕ. ರೆಫ್ರಿ ಕಣ್ಣಿಗೆ ಕಂಡದ್ದ ಕೊನೀ ಮಾತು ಆಗಬೇಕ್ರಿ."

ಬಾಷಾಸಾಬ ಒಲೆಯ ಹಿಂದಿನಿಂದ ಮೆಲ್ಲಗೆ ಹೇಳಿದ, "ತಪ್ಪ ಇದ್ರ ತಪ್ಪ ಅನ್ನಬೇಕಲ್ರಿ. ರೆಫ್ರಿಗೂ ಎರಡ ಕಣ್ಣ. ಅಂವ ನೋಡದ ಇದ್ದದ್ದನ್ನ ಯಾರರೆ ನೋಡಿ ಹೇಳಿದ್ರ ನಿಮಗ ಏನ್ ತ್ರಾಸ?"

"ಕಣ್ಣಿಗೆ ಕಾಣದ ತಪ್ಪು ತಪ್ಪ ಅಲ್ಲ," ಎಂದ ಅಂದಾನಪ್ಪ.

"ಅದಕ್ಕ ಹಿಂದಕೆಲ್ಲಾ ಕೈಲೆ ತಳ್ಳಿದ ಗೋಲೂ ಗೋಲ್ ಆಗತಿದ್ವು."

"ಆಗಲಿ. ಆಗಿದ್ದಕ್ಕ ಮಂದಿ ಐವತ್ತ ವರ್ಷ ಮಾತಾಡ್ತಾರ. ಈ ಹಿಮ್ಮಡ ಯಾರ ನೆನಪಿಟಗೊಂತಾರ?"

ವಾದ ಹೀಗೆ ಅರ್ಧ ಗಂಟೆ ಎಳೆಯಿತು. ಆಟ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ಅಂಗಡಿಯ ಟಿ.ವಿ.ಗೆ ಆಟ ಬರುತ್ತಿದ್ದುದು ಶರಣಬಸಪ್ಪನ ಮೊಬೈಲಿನಿಂದ, ಹಾಗಾಗಿ ಅವನು ಆ ಗೆರೆ ಎಳೆದ ಚಿತ್ರವನ್ನು ಮತ್ತೆ ತಂದು ನಿಲ್ಲಿಸಿದ. ಅಂದಾನಪ್ಪ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಅರಳಿತು.

"ಅಲ್ ನೋಡ್ರಿ. ಗೆರಿನ ಸೊಟ್ಟ ಎಳದಾರ."

ಸೊಟ್ಟಗೇ ಇತ್ತು. ಕೆಳಗೆ ಬಲಕ್ಕೆ, ಮೇಲೆ ಎಡಕ್ಕೆ ವಾಲಿತ್ತು. ಕುಣಿಮಗ್ಗದಲ್ಲಿ ನಲವತ್ತು ವರ್ಷ ಕಾಲು ಇಳಿಬಿಟ್ಟು ಕೂತವನಿಗೆ ಸೊಟ್ಟ ಯಾವುದು ನೆಟ್ಟಗೆ ಯಾವುದು ಎಂದು ಯಾರೂ ಕಲಿಸಬೇಕಾಗಿರಲಿಲ್ಲ. ಕೇರಿಯಲ್ಲಿ ಯಾರ ಹಾಸು, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳು, ವಾರೆ ಬಿದ್ದರೂ, ಯಾವ ಸೀರೆಯ ಪಟ್ಟಿಯ ಬಗ್ಗೆ ತಕರಾರು ಎದ್ದರೂ ಜನ ಅಂದಾನಪ್ಪನನ್ನು ಕರೆಯುತ್ತಿದ್ದರು. ಅವನು ಬಂದು ಒಂದು ಎಳೆ ಬಿಗಿಹಿಡಿದು ನೋಡಿ ಹೇಳಿದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅವನ ಆಸ್ತಿ ಎಂದರೆ ಆ ಮಾತು, ಬೇರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

"ಮೈದಾನದ ಹುಲ್ಲಿನ ಪಟ್ಟಿನೂ ಹಂಗ ವಾಲ್ಯಾವಲ್ರಿ ಅಣ್ಣಾರ," ಎಂದ ಬಾಷಾಸಾಬ.

"ಹಂಗಾರ ಹುಲ್ಲ ಕೊಯ್ಯಾವಂಗೂ ಕಣ್ಣ ನೆಟ್ಟಗಿಲ್ಲ," ಎಂದ ಅಂದಾನಪ್ಪ. ಅಂಗಡಿ ನಕ್ಕಿತು. ಬಾಷಾಸಾಬನೂ ನಕ್ಕು ಒಲೆಯ ಕಡೆ ತಿರುಗಿದ.

ಅಂದಾನಪ್ಪ ಅಂಗಿಯ ಕಿಸೆಯಿಂದ ಒಂದು ರೇಷ್ಮೆ ಎಳೆ ತೆಗೆದ. ನೇಕಾರನ ಕಿಸೆಯಲ್ಲಿ ಎಳೆ ಇದ್ದೇ ಇರುತ್ತದೆ. ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಹೊಸ ಹಾಸು ಏರಿಸುವ ದಿನ ಮೊದಲ ಎಳೆಯನ್ನು ಕಣ್ಣಿಗೊತ್ತುವುದು ಆ ಕೇರಿಯ ವಾಡಿಕೆ, ಎಳೆ ಕಣ್ಣಿಗೊತ್ತಿ ಆಡಿದ ಮಾತಿಗೆ ಯಾರೂ ಎದುರಾಡುವುದಿಲ್ಲ. ಆಮೇಲೆ ಅದನ್ನು ಟಿ.ವಿ.ಯ ಮೇಲಂಚಿನಿಂದ ಕೆಳಂಚಿಗೆ ಬಿಗಿಯಾಗಿ ಹಿಡಿದ. ಎಳೆ ಗಿಳಿಹಸಿರು ಡಿಫೆಂಡರನ ಪಾದದ ಮೇಲೆ ಹಾದುಹೋಯಿತು. ಕೆಂಪಿನವನು ಎಳೆಯ ಹಿಂದೆ ಇದ್ದ. ಒಂದು ಕೂದಲಿನಷ್ಟಲ್ಲ, ಚೆನ್ನಾಗಿಯೇ ಹಿಂದೆ ಇದ್ದ.

"ಗೋಲ್," ಎಂದ ಅಂದಾನಪ್ಪ.

ಅಂಗಡಿಯಲ್ಲಿ ಸಿಳ್ಳೆ ಬಿತ್ತು. ಯಾರೋ ಮೊಬೈಲಿನಲ್ಲಿ ಅದನ್ನೆಲ್ಲ ಹಿಡಿದಿದ್ದರು. ಮಧ್ಯಾಹ್ನದೊಳಗೆ ಅದು ರೋಣ, ನರಗುಂದ ದಾಟಿ ಕೊಣ್ಣೂರಿನ ಹೊಳೆಯವರೆಗೆ ಹೋಗಿತ್ತು. ಕೋಟಿ ಕೋಟಿ ಸುರಿದು ಕಟ್ಟಿದ ಯಂತ್ರವನ್ನು ಗಜೇಂದ್ರಗಡದ ನೇಕಾರನೊಬ್ಬ ಒಂದು ಎಳೆಯಿಂದ ಸೋಲಿಸಿದ ಎಂದು ಜನ ಒಬ್ಬರಿಗೊಬ್ಬರು ಕಳಿಸಿಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಅವನನ್ನು ನಿಲ್ಲಿಸಿ ಕೈಕುಲುಕಿದರು. ಅಂದಾನಪ್ಪನಿಗೆ ಅದು ಹಿಡಿಸಿತು. ಹಿಡಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ವಾರ ಅವನು ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕಿಕೊಂಡು ತಿರುಗಿದ.

ಎಂಟು ದಿನ ಬಿಟ್ಟು ರೋಣದ ಮೈದಾನದಲ್ಲಿ ಸುತ್ತಿನ ಊರುಗಳ ಫುಟ್‌ಬಾಲ್ ಫೈನಲ್ ಇತ್ತು, ಗಜೇಂದ್ರಗಡ ಒಂದು ಕಡೆ, ಸವಡಿ ಇನ್ನೊಂದು ಕಡೆ. ಶರಣಬಸಪ್ಪ ಮೈದಾನದ ನಡುಗೆರೆಯ ಹತ್ತಿರ ಒಂದು ಟ್ರ್ಯಾಕ್ಟರ್ ಟ್ರಾಲಿ ನಿಲ್ಲಿಸಿ, ಅದರ ಮೇಲೆ ಬಿದಿರು ಕಟ್ಟಿ, ಬಿದಿರಿಗೆ ತನ್ನ ದೊಡ್ಡ ಮೊಬೈಲು ಕಟ್ಟಿಸಿದ್ದ. ಹಿಂದಿನ ವಾರ ಯಂತ್ರದವರ ಬಾಯಿಗೆ ಮಣ್ಣು ಹಾಕಿದವನು ಇವನೇ.

"ಅದು ಅವರ ಯಂತ್ರ ಕಾಕಾ," ಎಂದ ಅಂದಾನಪ್ಪನಿಗೆ. "ನಮ್ಮದು ನಿಮ್ಮ ಎಳಿ. ಬರೇ ಚಿತ್ರ ಹಿಡಿಯಾಕ ಮೊಬೈಲು. ತೀರ್ಪು ನಿಮ್ಮ ಕೈಯಾಗ."

ಅಂದಾನಪ್ಪ ಒಪ್ಪಿಕೊಂಡ. ಎಳೆ ಯಂತ್ರವಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಆಟ ಒಂದಕ್ಕೊಂದು ಸಮನಾಗಿ ನಡೆದಿತ್ತು. ಸವಡಿಯ ತಂಡದಲ್ಲಿ ದಾದಾಪೀರ ಎಂಬ ಇಪ್ಪತ್ತರ ಹುಡುಗನಿದ್ದ. ಸಪೂರ ಕಾಲು, ಚೆಂಡು ಒದೆಯುವವನಿಗಿಂತ ಮುಂಚೆ ಅದು ಎಲ್ಲಿ ಬೀಳುತ್ತದೆ ಎಂದು ತಿಳಿದವನಂತೆ ಓಡುತ್ತಿದ್ದ. ಗದಗಿನಿಂದ ಜಿಲ್ಲಾ ತಂಡಕ್ಕೆ ಇಬ್ಬರನ್ನು ಆರಿಸಲು ಬಂದಿದ್ದ ಕೋಚ್ ಅವನನ್ನೇ ನೋಡುತ್ತ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಮುಗಿಯಲು ಐದು ನಿಮಿಷ ಇರುವಾಗ ಟ್ರಾಲಿ ಇದ್ದ ಬದಿಯಲ್ಲಿ ಹುಡುಗ ಗೋಲಿನ ಕಡೆ ಹಾರಿ ಓಡಿದ, ಚೆಂಡು ಅವನ ಮುಂದೆ ಬಿತ್ತು, ಗೋಲಾಯಿತು. ರೆಫ್ರಿ ಸಿಳ್ಳೆ ಊದಿ ನಡುಗೆರೆಯ ಕಡೆ ಕೈ ತೋರಿಸಿದ. ಅಂದಾನಪ್ಪನ ಕಣ್ಣಿಗೂ ಅದು ಗೋಲೇ. ಎಷ್ಟು ಚೆಂದದ ಗೋಲೆಂದರೆ ಎದುರು ತಂಡದವನಾದರೂ ಅವನ ಬಾಯಿಂದ "ಭಲೆ" ಎಂಬ ಮಾತು ಬಂದುಬಿಟ್ಟಿತು.

ಗಜೇಂದ್ರಗಡದವರು ಮೈದಾನಕ್ಕೆ ನುಗ್ಗಿದರು. ಆಫ್‌ಸೈಡ್, ಆಫ್‌ಸೈಡ್ ಎಂದು ಗದ್ದಲ. ಶರಣಬಸಪ್ಪ ಮೊಬೈಲು ಬಿಚ್ಚಿ ತಂದ, ಲ್ಯಾಪ್‌ಟಾಪಿಗೆ ಹಚ್ಚಿ ಟ್ರಾಲಿಯ ಹಲಗೆಯ ಮೇಲಿಟ್ಟ. ಎರಡೂ ಊರಿನವರು ಸುತ್ತ ನಿಂತರು. ಚಿತ್ರದಲ್ಲಿ ಹುಡುಗ ಟ್ರಾಲಿಗೆ ಹತ್ತಿರ, ಗಜೇಂದ್ರಗಡದ ಕೊನೆಯ ಡಿಫೆಂಡರ್ ಮೈದಾನದ ಆಚೆ ಬದಿಗೆ. ಅಂದಾನಪ್ಪ ಎಳೆ ಕಣ್ಣಿಗೊತ್ತಿಕೊಂಡ. ಒತ್ತಿಕೊಂಡ ಕೂಡಲೇ ಗದ್ದಲ ತಾನಾಗಿ ನಿಂತಿತು. ಸವಡಿಯ ಹಿರಿಯರೂ ಬಾಯಿ ಮುಚ್ಚಿದರು. ಅವನು ಎಳೆಯನ್ನು ನೆಟ್ಟಗೆ ಹಿಡಿದ. ಹುಡುಗನ ಕಾಲು ಎಳೆಯ ಆಚೆ, ಎರಡು ಬೆರಳು ಮುಂದೆ ಇತ್ತು.

ಅವನ ಕಣ್ಣು ಗೋಲೆಂದಿತ್ತು. ಎಳೆ ಅಲ್ಲವೆಂದಿತು. ಅಂದಾನಪ್ಪ ಎಳೆಯನ್ನು ನಂಬಿದ.

"ಮುಂದ ಐತಿ," ಎಂದ.

ರೆಫ್ರಿ ತಲೆ ತಗ್ಗಿಸಿ ಗೋಲು ಹಿಂತೆಗೆದುಕೊಂಡ. ದಾದಾಪೀರ ಹತ್ತಿರ ಬಂದು ಎಳೆಯನ್ನೂ ತನ್ನ ಕಾಲಿನ ಚಿತ್ರವನ್ನೂ ಬಗ್ಗಿ ನೋಡಿದ. ಕೋಚ್ ಪುಸ್ತಕ ಮಡಚುತ್ತ ಪಕ್ಕದವನಿಗೆ ಹೇಳಿದ್ದು ಅಂದಾನಪ್ಪನ ಕಿವಿಗೂ ಬಿತ್ತು: "ಓಟ ಚಲೋ ಐತಿ. ಯಾವಾಗ ಓಡಬೇಕು ಅನ್ನೂದು ತಿಳಿಯಂಗಿಲ್ಲ." ಪೆನಾಲ್ಟಿಯಲ್ಲಿ ಗಜೇಂದ್ರಗಡ ಗೆದ್ದಿತು. ಅಂದಾನಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರು, ಅವನ ಇಸ್ತ್ರಿ ಅಂಗಿಗೆಲ್ಲ ಗುಲಾಲು ಮೆತ್ತಿತು.

ಐದು ದಿನದ ಮೇಲೆ ಅವನ ಹೆಂಡತಿ ಸುಶೀಲವ್ವ ಮುಖ ಸಣ್ಣದು ಮಾಡಿಕೊಂಡು ಮೊಬೈಲು ಹಿಡಿದು ಬಂದಳು. ನರಗುಂದದ ವಿಜಯಲಕ್ಷ್ಮಿ ಎಂಬ ಟೀಚರು ಒಂದು ಅಡ್ಡಪಟ್ಟಿಯ ಸೀರೆ ಹೇಳಿ ನೇಯಿಸಿದ್ದರು. ಸೀರೆ ಮಗ್ಗದಿಂದ ಇಳಿದಿತ್ತು. ಸುಶೀಲವ್ವ ಅದನ್ನು ಪಡಸಾಲೆಯಲ್ಲಿ ಹಾಸಿ, ಮೂಲೆಯಲ್ಲಿ ನಿಂತು ಫೋಟೊ ತೆಗೆದು ಕಳಿಸಿದ್ದಳು.

"ಟೀಚರ್ ಸೀರಿ ಒಲ್ಲೆ ಅನ್ನಾಕತ್ತಾರ್ರಿ. ಪಟ್ಟಿ ಎಲ್ಲಾ ಸೊಟ್ಟ ಬಂದಾವಂತ."

ಅಂದಾನಪ್ಪನ ಮೈ ಉರಿಯಿತು. "ನನ್ನ ಪಟ್ಟಿ ಸೊಟ್ಟ? ಯಾರ ಅಂದದ್ದು? ನಲವತ್ತ ವರ್ಷದಾಗ ಒಬ್ಬರೆ ಅಂದಾರೇನ?" ಅವನು ಎದ್ದು ಬಂದು, ಹಾಸಿದ ಸೀರೆಯ ಪಟ್ಟಿಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಎಳೆ ಬಿಗಿದ. ಪಟ್ಟಿ ಎಳೆಗೆ ಅಂಟಿದಂತಿತ್ತು, ಕೂದಲೆಳೆಯ ವ್ಯತ್ಯಾಸವಿಲ್ಲ. "ನೋಡು. ಕಣ್ಣಿದ್ದವರು ನೋಡ್ರಿ."

"ನನಗ್ಯಾಕ ಬೈತೀರಿ? ಇದರಾಗ ನೋಡ್ರಿ ನೀವ," ಎಂದು ಅವಳು ಮೊಬೈಲು ಮುಂದೆ ಹಿಡಿದಳು.

ಅವನು ಅದೇ ಸಿಟ್ಟಿನಲ್ಲಿ ಮೊಬೈಲಿನ ಮೇಲೆ ಎಳೆಯನ್ನು ನೆಟ್ಟಗೆ ಹಿಡಿದ. ಪಟ್ಟಿ ಎಳೆಯನ್ನು ಬಿಟ್ಟು ವಾರೆಯಾಗಿ ಹೋಗಿತ್ತು. ಕೆಳಗೆ ಬಲಕ್ಕೆ, ಮೇಲೆ ಎಡಕ್ಕೆ.

ಅಂದಾನಪ್ಪ ಸೀರೆಯನ್ನೂ ಮೊಬೈಲನ್ನೂ ಮತ್ತೊಮ್ಮೆ ನೋಡಿದ. ಆಮೇಲೆ ನೂಲು ಸುತ್ತಿದ ಎರಡು ಕಂಡಿಕೆ ತಂದು ಸೀರೆಯ ಒಂದೇ ಪಟ್ಟಿಯ ಮೇಲೆ ಇಟ್ಟ, ಒಂದು ಈ ಅಂಚಿಗೆ, ಇನ್ನೊಂದು ಆ ಅಂಚಿಗೆ. ಮೂಲೆಗೆ ಹೋಗಿ ತಾನೇ ಫೋಟೊ ಹೊಡೆದ. ಆಚೆಯ ಕಂಡಿಕೆಯ ಮೇಲೆ ಎಳೆ ಹಿಡಿದ. ಈಚೆಯ ಕಂಡಿಕೆ ಎರಡು ಬೆರಳು ಮುಂದೆ ಇತ್ತು. ಒಂದೇ ಪಟ್ಟಿಯ ಮೇಲೆ ಕೂತ ಎರಡು ಕಂಡಿಕೆಗಳಲ್ಲಿ ಒಂದು ಮುಂದೆ ಹೋಗುವುದು ಹೇಗೆ? ಹೋಗಿರಲಿಲ್ಲ. ಮೂಲೆಯಿಂದ ನೋಡಿದರೆ ಹಾಗೆ ಕಾಣುತ್ತಿತ್ತು, ಅಷ್ಟೇ. ಬೀದಿಯುದ್ದ ಹಾಸು ಕಟ್ಟುವಾಗ ಈ ತುದಿಯಲ್ಲಿ ನಿಂತರೆ ಆ ತುದಿಯಲ್ಲಿ ಎಳೆಗಳೆಲ್ಲ ಕೂಡಿದಂತೆ ಕಾಣುವುದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಅವು ಕೂಡುವುದಿಲ್ಲ ಎಂದು ಎಳೆಗೂಸಿಗೂ ಗೊತ್ತು.

"ಯಾಕ್ರಿ, ಮಾರಿ ಹಿಂಗ್ಯಾಕಾತು?" ಎಂದು ಸುಶೀಲವ್ವ ಗಾಬರಿಯಾದಳು.

"ಸವಡಿ ಹುಡುಗನ ಗೋಲ್ ಖರೇ ಇತ್ತು," ಎಂದ ಅವನು. "ಟಿ.ವಿ.ಯವರ ಗೆರಿನೂ ಖರೇ ಇತ್ತು. ಸೊಟ್ಟ ಇದ್ದಾಂವ ನಾ ಒಬ್ಬಾಂವ."

ಅವಳಿಗೆ ಪೂರ್ತಿ ತಿಳಿಯುವವರೆಗೆ ಕಂಡಿಕೆ ಇಟ್ಟು ತೋರಿಸಿದ. ತಿಳಿದ ಮೇಲೆ ಅವಳು ಬಾಗಿಲು ಮುಂದೆ ಮಾಡಿ ಬಂದು ದನಿ ತಗ್ಗಿಸಿದಳು. "ಯಾರ ಮುಂದೂ ಅನಬ್ಯಾಡ್ರಿ. ನಾಳಿಂದ ಕೇರ್ಯಾಗ ನಿಮ್ಮ ಎಳಿ ಯಾರ ನಂಬತಾರ?"

ಅದೇ ಮಾತು ಅವನ ತಲೆಯಲ್ಲೂ ಇತ್ತು. ತಪ್ಪಾದದ್ದಕ್ಕೆ ಅಷ್ಟು ಸಂಕಟವಿರಲಿಲ್ಲ, ತಪ್ಪು ಯಾರಿಗೆ ಆಗುವುದಿಲ್ಲ. ಅವತ್ತು ಟ್ರಾಲಿಯ ಹತ್ತಿರ ತನ್ನ ಕಣ್ಣು ಗೋಲೆಂದಿದ್ದನ್ನು, ಬಾಯಿ ಭಲೆ ಅಂದಿದ್ದನ್ನು ನುಂಗಿಕೊಂಡದ್ದು ನೆನೆದರೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಕಣ್ಣಿಗೆ ಕಂಡದ್ದೇ ಖರೆ ಎಂದು ವಾರವೆಲ್ಲ ಒದರಿದವನು, ನಾಲ್ಕು ಮಂದಿ ಮೆಚ್ಚಿದ ಕೂಡಲೇ ತನ್ನ ಕಣ್ಣನ್ನೇ ಕೈಬಿಟ್ಟಿದ್ದ.

ಮರುದಿನ ಬೆಳಿಗ್ಗೆ ಅವನು ಬಾಷಾಸಾಬನ ಅಂಗಡಿಗೆ ಹೋದ. ಟಿ.ವಿ.ಯಲ್ಲಿ ಯಾವುದೋ ಆಟ ನಡೆದಿತ್ತು, ಮೂಲೆಯ ಕಪಾಟಿನಲ್ಲಿ ರೋಣದಲ್ಲಿ ಗೆದ್ದ ಕಪ್ಪು ಹೊಳೆಯುತ್ತಿತ್ತು. ಅಂದಾನಪ್ಪ ಟಿ.ವಿ. ಆರಿಸಲು ಹೇಳಿ, ಎರಡು ಕಂಡಿಕೆ ಇಟ್ಟು, ಫೋಟೊ ತೋರಿಸಿ, ಎಳೆ ಹಿಡಿದು ಎಲ್ಲ ಬಿಡಿಸಿ ಹೇಳಿದ. ಬಾಷಾಸಾಬ ಒಲೆ ಸಣ್ಣದು ಮಾಡಿ ಹತ್ತಿರ ಬಂದು ಕಂಡಿಕೆಗಳನ್ನು ನೋಡಿ ತಲೆಯಾಡಿಸಿದ.

"ಆ ಗೋಲ್ ಸವಡಿಯವರದು," ಎಂದ ಅಂದಾನಪ್ಪ. "ಕಪ್ಪು ಅವರಿಗೆ ಕೊಟ್ಟ ಬರೂಣು. ಗದಗಿನ ಕೋಚ್‌ಗೂ ಒಂದ ಮಾತ ಹೇಳೂಣು."

ಶರಣಬಸಪ್ಪ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡ. "ಕಾಕಾ, ವಿಡಿಯೊ ನೋಡಿ ಕೊಟ್ಟ ತೀರ್ಪು ಅಂದ್ರ ಕೊನೀ ತೀರ್ಪು. ಅದನ್ನ ಮತ್ತ ಕೆದರಾಕ ಬರಂಗಿಲ್ಲ. ವಿಶ್ವಕಪ್ಪಿನಾಗೂ ಹಂಗ ಅಲ್ಲೇನ್ರಿ?"

"ಅವರ ಬಾಯಾಗ ಮಣ್ಣ ಹಾಕ ಅಂದಾಂವ ನೀನ ಅಲ್ಲೇನೊ?"

"ಅದು ಅವರದ್ರಿ. ಇದು ನಮ್ಮದು."

ಎಷ್ಟು ಸಲೀಸಾಗಿ ಅಂದ ಆ ಮಾತನ್ನು. ಇದೇ ಬೆಂಚಿನ ಮೇಲೆ ಕೂತು ಯಂತ್ರ ನ್ಯಾಯವನ್ನು ತಿಂದುಹಾಕಿತು ಎಂದು ಕೂಗಿದ್ದ ಮಂದಿ ಈಗ ತಮ್ಮ ತಮ್ಮ ಚಹಾದ ಕಪ್ಪು-ಬಸಿಗಳನ್ನು ನೋಡುತ್ತ ಕೂತಿದ್ದರು. ಹಿಂದಿನಿಂದ ಯಾರೋ ಹೇಳಿದರು, "ಸವಡಿಯವರದ ತಕರಾರ ಇಲ್ಲ. ನಿಂದ್ಯಾಕಪಾ ಅಂದಾನಪ್ಪ?"

"ಅವರದ ತಕರಾರ ಇಲ್ಲ, ಯಾಕಂದ್ರ ನಾ ಎಳಿ ಕಣ್ಣಿಗೆ ಒತ್ತಿದ್ನಿ," ಎಂದ ಅಂದಾನಪ್ಪ. "ಅವರ ಕಣ್ಣಿಗೂ ಗೋಲ್ ಕಂಡಿತ್ತು. ನನ್ನ ಎಳಿ ನೋಡಿ ಬಾಯಿ ಮುಚ್ಚಿದ್ರು. ನಿಮಗ ಹೇಸಿಗಿ ಬರಂಗಿಲ್ಲೇನ್ರೊ?"

"ಭಾಳ ಮನಸ್ಸಿಗೆ ಹಚ್ಚಗೋಬ್ಯಾಡ್ರಿ ಕಾಕಾ. ಟಿ.ವಿ. ಹಚ್ಚೊ ಬಾಷಾ," ಎಂದ ಶರಣಬಸಪ್ಪ.

ಬಾಷಾಸಾಬ ಟಿ.ವಿ. ಹಚ್ಚಲಿಲ್ಲ, ಒಲೆಯ ಹಿಂದೆ ಹೋಗಿ ನಿಂತ. ಶರಣಬಸಪ್ಪ ತಾನೇ ಎದ್ದು ಹಚ್ಚಿದ. ಟಿ.ವಿ.ಯಲ್ಲಿ ಅಷ್ಟೊತ್ತಿಗೆ ಇನ್ನೊಬ್ಬ ರೆಫ್ರಿ ಕಿವಿಗೆ ಬೆರಳಿಟ್ಟು ನಿಂತಿದ್ದ, ಅಂಗಡಿಯವರೆಲ್ಲ ಒಂದೇ ಬಾಯಿಂದ ಅವನನ್ನು ಬೈಯತೊಡಗಿದರು. ಅಂದಾನಪ್ಪ ಕಂಡಿಕೆಗಳನ್ನು ಕಿಸೆಗೆ ಹಾಕಿಕೊಂಡು ಹೊರಗೆ ಬಂದು ಗಟಾರಿನಲ್ಲಿ ಉಗುಳಿದ. ಬಾಯಿಯ ಕಹಿ ಹೋಗಲಿಲ್ಲ.

ಅಂದೇ ಮಧ್ಯಾಹ್ನ ರೋಣಕ್ಕೆ ಬಸ್ಸು ಹಿಡಿದು, ಅಲ್ಲಿಂದ ಟೆಂಪೊದಲ್ಲಿ ಸವಡಿಗೆ ಹೋದ. ಕರಿ ಹೊಲಗಳಲ್ಲಿ ಹೆಸರು ಮೊಣಕಾಲೆತ್ತರ ಬೆಳೆದಿತ್ತು. ದಾದಾಪೀರನ ಮನೆ ಕೇಳಿ ಹುಡುಕಿದ. ಅವನ ತಾಯಿ ರಸೂಲಬಿ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಎಳೆ ಹಿಡಿದವನು ತಾನೇ ಎಂದು ಅಂದಾನಪ್ಪ ಹೇಳಿಕೊಂಡ. ಬೈದರೆ ಬೈಸಿಕೊಳ್ಳಬೇಕೆಂದು ಮೈ ಬಿಗಿಹಿಡಿದು ನಿಂತಿದ್ದ. ಅವಳು ಮೊರ ಬದಿಗಿಟ್ಟು ನೀರು ತಂದುಕೊಟ್ಟಳು.

"ಸಾಲಿ ಮುಂದ ಬಯಲಾಗ ಆಡಾಕ ಹೋಗ್ಯಾನ್ರಿ," ಎಂದಳು. "ಊಟಾನೂ ಸರಿ ಮಾಡವಲ್ಲ. ನೀವರೆ ಒಂದ್ ಮಾತ ಹೇಳ್ರಿ."

ಬಯಲಿನಲ್ಲಿ ಹತ್ತಿಪ್ಪತ್ತು ಹುಡುಗರು ಆಡುತ್ತಿದ್ದರು. ಅಂದಾನಪ್ಪನನ್ನು ಕಂಡು ದಾದಾಪೀರ ಬೆವರು ಒರೆಸಿಕೊಳ್ಳುತ್ತ ಬಂದ, ನಮಸ್ಕಾರ ಮಾಡಿದ. ಅಂದಾನಪ್ಪ ಅಲ್ಲೇ ನೆಲದ ಮೇಲೆ ಕೋಲಿನಿಂದ ಗೆರೆ ಗೀರಿ, ಅದರ ಮೇಲೆ ಎರಡು ಕಂಡಿಕೆ ಇಟ್ಟು, ಮೊಬೈಲಿನಲ್ಲಿ ಹಿಡಿದು ತೋರಿಸಿದ. ಹುಡುಗ ಜಾಣ, ಒಂದೇ ಸಲಕ್ಕೆ ತಿಳಿಯಿತು.

"ನಿನ್ನ ಗೋಲ್ ಗೋಲ್ ಇತ್ತಪಾ," ಎಂದ ಅಂದಾನಪ್ಪ. "ನೀ ಸರಿಯಾದ ಹೊತ್ತಿಗೇ ಓಡಿದ್ದಿ. ತಪ್ಪ ಮಾಡಿದಾಂವ ನಾ. ನಾಳೆ ಗದಗಿಗೆ ಹೋಗಿ ಆ ಕೋಚ್ ಮುಂದೂ ಇದನ್ನ ಹೇಳಿ ಬರತೀನಿ."

ದಾದಾಪೀರ ಕಂಡಿಕೆಗಳನ್ನು ನೋಡುತ್ತಲೇ ಇದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಖುಷಿಯೂ ಇರಲಿಲ್ಲ. "ಕೋಚ್ ಸಾಹೇಬ್ರು ಮೊನ್ನೆ ಮತ್ತ ಬಂದಿದ್ರು ಕಾಕಾ. ಇನ್ನೊಂದ್ ಸಲ ನೋಡ್ತೀನಿ ಅಂದ್ರು. ಆಡಿದ್ನಿ. ಒಂದೂ ಚೆಂಡ ಸಿಗಲಿಲ್ಲ."

"ಯಾಕ?"

"ಓಡಾಕ ಆಗವಲ್ದ್ರಿ." ಅವನು ತನ್ನ ಕಾಲುಗಳನ್ನೇ ನೋಡಿಕೊಂಡ. "ಮದಲ ನಾ ಏನೂ ನೋಡತಿರಲಿಲ್ರಿ, ಕಾಲ ತಾವ ಓಡತಿದ್ವು. ಈಗ ಅಂವ ಎಲ್ಲದಾನ, ನಾ ಎಲ್ಲದೀನಿ ಅಂತ ನೋಡ್ತೀನಿ. ನೋಡೂದ್ರಾಗ ಚೆಂಡ ಹೋಗಿರತೈತಿ."

"ಈಗ ಗೊತ್ತಾತಲ್ಲ. ನಿಂದ ತಪ್ಪ ಇರಲಿಲ್ಲ."

"ಹೌದ್ರಿ, ಗೊತ್ತಾತು," ಎಂದ ಹುಡುಗ.

"ಹಂಗಾರ ಹೋಗು. ಓಡು. ನಾ ನೋಡ್ತೀನಿ."

ದಾದಾಪೀರ ಬಯಲಿಗೆ ಮರಳಿದ. ಅಂದಾನಪ್ಪ ಬೇವಿನ ಮರದ ಕೆಳಗೆ ನಿಂತು ನೋಡಿದ. ನಡುವಿನಿಂದ ಒಬ್ಬ ಹುಡುಗ ಚೆಂಡನ್ನು ಉದ್ದಕ್ಕೆ ಒದ್ದ. ರೋಣದಲ್ಲಿ ಬಿದ್ದಂಥದೇ ಚೆಂಡು, ಅಂಥದೇ ಜಾಗ. ದಾದಾಪೀರನ ಕಾಲು ಒಂದು ಹೆಜ್ಜೆ ಎತ್ತಿತು, ನಿಂತಿತು. ಅವನು ಆಚೆ ಬದಿಯ ಡಿಫೆಂಡರನ ಪಾದದ ಕಡೆ ತಿರುಗಿ ನೋಡಿದ. ಆಮೇಲೆ ಓಡಿದ. ಚೆಂಡು ಬಯಲು ದಾಟಿ ಹೆಸರಿನ ಹೊಲಕ್ಕೆ ಹೋಗಿ ಬಿತ್ತು.

"ಮತ್ತೊಮ್ಮೆ ಒದಿರಿ," ಎಂದು ಅಂದಾನಪ್ಪ ಕೂಗಿದ.

ಅವರು ಮತ್ತೊಮ್ಮೆ ಒದ್ದರು. ಹುಡುಗ ಮತ್ತೆ ನಿಂತು ನೋಡಿದ.